ಚಮಚಕ್ಕೊಂದು ಗೆರೆ

ಮಾರ್ಚ್ 3, ಭಾನುವಾರ

ಈ ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ಬೇರೆ ಯಾರೂ ಓದದ ಕಡೆಯಲ್ಲೂ ಒಳ್ಳೆಯವಳಾಗಿ ಕಾಣಿಸಿಕೊಳ್ಳಲು ಹೊರಟರೆ ದಿನಚರಿ ಬರೆದು ಏನು ಪ್ರಯೋಜನ? ಮಾತು ಇಷ್ಟೇ: ತಂಗಿಯ ಕಾದಂಬರಿ ಕೆಟ್ಟು ಕೂತಿದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಕಳೆದ ಮೇ ತಿಂಗಳಲ್ಲಿ ಅಮ್ಮ ಹೋದ ಮೇಲೆ ಅವಳು ನನ್ನನ್ನು ಯಾವುದಕ್ಕೂ ಕರೆದಿರಲಿಲ್ಲ. ಈಗ ಕರೆದಳು.

"ಅಕ್ಕ, ನಿನ್ನ ಆಫೀಸಲ್ಲಿ ಚೌಕ ಹಾಕಿ ಗೆರೆ ಎಳೀತೀಯಲ್ಲ, ಅದನ್ನ ಕಥೆಗೂ ಮಾಡೋಕಾಗುತ್ತಾ?"

"ಆಗುತ್ತೆ. ನೀರಿನ ಮೀಟರ್‌ಗಿಂತ ಮನುಷ್ಯರು ಸುಲಭ," ಎಂದೆ.

ನಾನು ಕೆಲಸ ಮಾಡುವುದು ನೀರು ಸರಬರಾಜು ಕಚೇರಿಯಲ್ಲಿ. ಯಾವ ಮೀಟರು ಯಾವ ಮನೆಯದು, ಯಾವ ಮನೆ ಯಾರ ಹೆಸರಿನದು, ಮನೆ ಕೈಬದಲಾದರೆ ಹಳೆಯ ಲೆಕ್ಕ ಎಲ್ಲಿಗೆ ಹೋಗಬೇಕು, ಇದನ್ನೆಲ್ಲ ಕಂಪ್ಯೂಟರಿಗೆ ಕೊಡುವ ಮೊದಲು ನಕ್ಷೆಯಾಗಿ ಬರೆಯುವುದು ನನ್ನ ಕಸುಬು. ತಂಗಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಅವಳೂ, ಒಬ್ಬ ಹಲ್ಲಿನ ಡಾಕ್ಟರೂ, ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯ ಹೆಂಗಸೂ ಸೇರಿ ಒಂದೇ ಕಾದಂಬರಿ ಬರೆಯುತ್ತಿದ್ದಾರೆ. ಒಬ್ಬ ಬೀಗ ರಿಪೇರಿಯವನು, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇವರ ಕಥೆ. ಭಾನುವಾರ ಡಾಕ್ಟರ ಕ್ಲಿನಿಕ್ಕು ಮುಚ್ಚಿರುವುದರಿಂದ ರೋಗಿಗಳು ಕಾಯುವ ಕೋಣೆಯಲ್ಲಿ ಸೇರುತ್ತಾರೆ. ಕಪಾಟಿನ ಮೇಲೆ ಬಾಯಿ ತೆರೆದ ಪ್ಲಾಸ್ಟರಿನ ದವಡೆಗಳು, ಮೂಲೆಯಲ್ಲಿ ಮೀನಿನ ತೊಟ್ಟಿ.

ಸಮಸ್ಯೆ ಏನೆಂದರೆ ನಾಲ್ಕನೇ ಅಧ್ಯಾಯದಲ್ಲಿ ಸತ್ತ ಬೀಗದವನು ಆರನೆಯದರಲ್ಲಿ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾನೆ.

"ಡಾಕ್ಟ್ರು ಸಾಯಿಸಿದ್ರು, ನಾನು ಕಟಕಟೆ ಹತ್ತಿಸಿದೆ," ಎಂದರು ಸ್ಟೆನೋ ಮೇಡಂ. "ಅವರು ಸಾಯಿಸಿದ್ದನ್ನ ನಂಗೆ ಹೇಳಿದ್ರೆ ತಾನೇ?"

"ನಾನು ಹೇಳಿದೆ. ನೀವು ಬರ್ಕೊಳ್ಳಲಿಲ್ಲ."

"ನಲವತ್ತು ವರ್ಷ ಬರ್ಕೊಂಡಿದೀನಿ ಡಾಕ್ಟ್ರೇ. ಬರ್ಕೊಳ್ಳದೇ ಇರೋದು ಅಂದ್ರೆ ಹೇಗಿರುತ್ತೆ ಅಂತ ಒಂಚೂರು ನೋಡೋಣ ಅನ್ನಿಸ್ತು."

ಗೋಡೆಯುದ್ದಕ್ಕೂ ಕಂದು ಕಾಗದ ಅಂಟಿಸಿದೆ. ಪಾತ್ರಗಳಿಗೆ ಒಂದೊಂದು ಚೌಕ, ನಡೆದ ಘಟನೆಗಳಿಗೆ ಒಂದೊಂದು, ಮುಖ್ಯ ವಸ್ತುಗಳಿಗೆ ಒಂದೊಂದು. ಸಂಬಂಧ ಇದ್ದಲ್ಲಿ ಗೆರೆ. ಗೆರೆಯ ತುದಿಗೆ ಅಡ್ಡಕಡ್ಡಿ ಹಾಕಿದರೆ 'ಇರಲೇಬೇಕು', ಸೊನ್ನೆ ಹಾಕಿದರೆ 'ಇರಬಹುದು, ಇಲ್ಲದಿರಲೂಬಹುದು', ಕಾಗೆಕಾಲಿನ ಹಾಗೆ ಮೂರು ಬೆರಳು ಬಿಡಿಸಿದರೆ 'ಹಲವು'. ಎಳೆದ ಪ್ರತಿ ಗೆರೆಯನ್ನೂ ಎರಡೂ ಕಡೆಯಿಂದ ಗಟ್ಟಿಯಾಗಿ ಓದಬೇಕು. ಒಂದು ಕಡೆಯಿಂದ ಸರಿ ಕಂಡದ್ದು ಇನ್ನೊಂದು ಕಡೆಯಿಂದ ತಪ್ಪಿರುತ್ತದೆ. ಡಾಕ್ಟರು ಶಾಲೆಯ ಹುಡುಗನಂತೆ ಎದ್ದು ನಿಂತು ಓದಿದರು: "ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬೊಬ್ಬ ಮಗಳಿಗೂ ತಾಯಿ ಒಬ್ಬಳೇ."

ತಂಗಿ ಮೀನು ನೋಡುತ್ತಿದ್ದಳು.

ಹೊರಡುವ ಮೊದಲು ಲೋಟಗಳನ್ನೆಲ್ಲ ತೊಳೆದಿಟ್ಟೆ. "ನಂದ್ರಲ್ಲಿ ಇನ್ನೂ ಒಂದು ಗುಟುಕು ಇತ್ತು ಕಣಮ್ಮ," ಎಂದರು ಸ್ಟೆನೋ ಮೇಡಂ.

ಮಾರ್ಚ್ 10, ಭಾನುವಾರ

ಒಳ್ಳೆಯ ದಿನ. ಬೀಗದವನು ಬದುಕಿದ. ಅವನ ಬದಲು ಅವನ ಅಂಗಡಿ ಸುಟ್ಟುಹೋಗುತ್ತದೆ. ಡಾಕ್ಟರಿಗೆ ಏನಾದರೊಂದು ಹೋಗಲೇಬೇಕಿತ್ತು.

ಇವತ್ತು ಎರಡು ನಿಯಮ ಹಾಕಿಕೊಟ್ಟೆ. ಒಂದು, ಗೆರೆಯಿಲ್ಲದ ವಸ್ತು ಕಥೆಗೆ ಬೇಡ. ಯಾರೂ ಮುಟ್ಟದ, ಯಾವ ಘಟನೆಯಲ್ಲೂ ಬಾರದ ವಸ್ತುವನ್ನು ಓದುಗರು ಯಾಕೆ ಹೊತ್ತು ತಿರುಗಬೇಕು? ಈ ಲೆಕ್ಕದಲ್ಲಿ ಡಾಕ್ಟರ ಗಡಿಯಾರ ಹೋಯಿತು, ತಂಗಿ ಬರೆದಿಟ್ಟಿದ್ದ 'ಚಮಚ' ಹೋಯಿತು.

"ಈ ಚಮಚ ಏನು ಮಾಡುತ್ತೆ?" ಎಂದು ಕೇಳಿದೆ.

"ಇನ್ನೂ ಗೊತ್ತಿಲ್ಲ," ಎಂದಳು.

ಗೊತ್ತಾದ ಮೇಲೆ ಬರಲಿ ಎಂದು ಅದರ ಮೇಲೆ ಗೀಟು ಎಳೆದೆ.

ಎರಡನೆಯದು, ಪ್ರತಿ ಘಟನೆಗೂ, ಅಲ್ಲಿದ್ದು ಆಮೇಲೆ ಅದನ್ನು ಹೇಳಬಲ್ಲ ಒಬ್ಬರ ಕಡೆಗಾದರೂ ಗೆರೆ ಇರಬೇಕು. ಯಾರೂ ಇರದಿದ್ದರೆ ಅದು ಕಥೆಯೊಳಗೆ ಯಾರ ಮೂಲಕ ಬಂತು? ಈ ನಿಯಮ ಸ್ಟೆನೋ ಮೇಡಂಗೆ ಬಹಳ ಹಿಡಿಸಿತು.

ತಂಗಿಯ ಒಂದು ಘಟನೆ ಮಾತ್ರ ಗೆರೆಯಿಲ್ಲದೆ ಉಳಿದಿದೆ: 'ತಾಯಿಯ ಕೊನೆಯ ಮಧ್ಯಾಹ್ನ'. ಅಮ್ಮನ ಹೃದಯ ಸೋತ ಮೇಲೆ ಅವಳು ಇದ್ದದ್ದು ತಂಗಿಯ ಮನೆಯಲ್ಲಿ. ನಾನು ಪ್ರತಿ ಸಂಜೆ ಕಚೇರಿ ಮುಗಿಸಿ ಹೋಗಿ ಎಲ್ಲವನ್ನೂ ನೋಡಿಕೊಂಡು ಬರುತ್ತಿದ್ದೆ. ಆ ದಿನ ಸಂಜೆ ತಂಗಿಯ ಫೋನ್ ಬಂತು. ಅವಳು ಔಷಧಿ ಅಂಗಡಿಗೆ ಹೋಗಿದ್ದಾಗ ಅಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಹತ್ತಿರ ಯಾರೂ ಇರಲಿಲ್ಲ. ಆ ಕೊರಗನ್ನೇ ಪಾಪ ಕಥೆ ಮಾಡುತ್ತಿದ್ದಾಳೆ. ಗೆರೆ ಎಳೆಯಲು ಅವಳಿಗೆ ಕೈ ಬಾರದು. ನಾನು ನೆರವಾಗಬೇಕು.

ಮಾರ್ಚ್ 13, ಬುಧವಾರ

ಒಬ್ಬ ಪ್ರಕಾಶಕರು ಆಸಕ್ತಿ ತೋರಿಸಿದ್ದಾರೆ. ಇಮೇಲ್ ತೆರೆಯುವವರಲ್ಲವಂತೆ. ಮೊದಲ ಅಧ್ಯಾಯಗಳನ್ನೂ ಇಡೀ ಕಥೆಯ ನಕ್ಷೆಯನ್ನೂ ಏಪ್ರಿಲ್ ಮಧ್ಯದೊಳಗೆ ಅಂಚೆಯಲ್ಲೇ ಕಳಿಸಬೇಕಂತೆ. ನಕ್ಷೆಯ ಶುದ್ಧಪ್ರತಿ ನನ್ನ ಪಾಲಿಗೆ.

ಊಟದ ಹೊತ್ತಿಗೆ ಗಂಡನಿಗೆ ಇದನ್ನೆಲ್ಲ ವಿವರಿಸಿದೆ. "ನಮ್ಮನೇದೂ ಒಂದು ಬರಿ," ಎಂದ. "ನನ್ನ ಚೌಕಕ್ಕೆ ಗೆರೆ ಇದೆಯೋ, ಗೀಟು ಬಿದ್ದಿದೆಯೋ ತಿಳೀಲಿ." ಅವನ ತಟ್ಟೆ ಎತ್ತಿಕೊಂಡೆ. ಇನ್ನೂ ತಿನ್ನುತ್ತಿದ್ದನಂತೆ.

ಮಾರ್ಚ್ 17, ಭಾನುವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನಾನೇ ಇದನ್ನು ನಂಬುವುದಿಲ್ಲ.

ಗೋಡೆಯ ಮೇಲೆ ಎಲ್ಲ ಚೌಕಗಳಿಗೂ ಗೆರೆ ಬಿದ್ದಿತ್ತು, ಆ ಒಂದನ್ನು ಬಿಟ್ಟು.

"ಇದೊಂದು ಮುಗಿಸಿಬಿಡೋಣ," ಎಂದೆ.

"ಅದು ಹಾಗೇ ಇರ್ಲಿ ಅಕ್ಕ. ಅಲ್ಲಿ ಯಾರೂ ಇರಲಿಲ್ಲ."

ಸ್ಟೆನೋ ಮೇಡಂ ಕನ್ನಡಕ ಏರಿಸಿದರು. "ಯಾರೂ ಇರಲಿಲ್ಲ ಅಂದ್ರೆ, ತಾಯಿ ನಕ್ಕಳು ಅಂತ ಬರ್ದಿದೀಯಲ್ಲ, ಆ ನಗು ಕೇಳಿಸಿದ್ದು ಯಾರಿಗೆ? ನಮ್ಮ ಜಡ್ಜ್ ಆಗಿದ್ರೆ ಮೊದಲು ಇದನ್ನೇ ಕೇಳ್ತಿದ್ರು."

"ನಮ್ಮ ಮೀನುಗಳನ್ನ ಸಾಕ್ಷಿಗೆ ಕರೀರಿ," ಎಂದರು ಡಾಕ್ಟರು. ಯಾರೂ ನಗಲಿಲ್ಲ.

"ನಿಯಮ ಎಲ್ಲರಿಗೂ ಒಂದೇ," ಎಂದೆ ನಾನು. ಆದಷ್ಟು ಮೆತ್ತಗೆ ಹೇಳಿದೆ. ನೆರವಾಗುತ್ತಿದ್ದೇನೆ ಎಂದೇ ತಿಳಿದಿದ್ದೆ.

ತಂಗಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಆ ಚೌಕದಿಂದ 'ಚಿಕ್ಕ ಮಗಳು' ಎಂಬ ಚೌಕಕ್ಕೆ ಗೆರೆ ಎಳೆದಳು. ತುದಿಗೆ ಅಡ್ಡಕಡ್ಡಿ ಹಾಕಿದಳು. ಇರಲೇಬೇಕು.

"ಈಗ ಸರಿಯಾಯ್ತು," ಎಂದೆ. ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಗೆರೆಯನ್ನು ಎರಡೂ ಕಡೆಯಿಂದ ಓದುವ ಚಟ. "ಹಾಗಾದ್ರೆ ದೊಡ್ಡ ಮಗಳು? ಎರಡು ಬೀದಿ ಆಚೆ ಇದ್ದಾಳೆ ಅಂತ ನೀನೇ ಬರ್ದಿದೀಯ. ಚಿಕ್ಕವಳ ಕೈಯಲ್ಲಿ ಫೋನ್ ಇದೆ. ಮತ್ತೆ ಯಾಕೆ ಕರೀಲಿಲ್ಲ? ಓದೋರು ಕೇಳ್ತಾರೆ."

"ತಾಯಿ ಬೇಡ ಅಂದ್ಲು."

"ಯಾಕೆ ಬೇಡ ಅಂದ್ಲು? ಕಾರಣ ಕೊಡದೇ ಇದ್ರೆ ದೊಡ್ಡ ಮಗಳಿಗೆ ಅನ್ಯಾಯ ಮಾಡ್ದಂಗೆ."

ತಂಗಿ ತಿರುಗಲಿಲ್ಲ. ಕಾಗದಕ್ಕೆ ಹೇಳುವವಳಂತೆ ಹೇಳಿದಳು: "ಅವಳು ಬಂದ್ರೆ ದಿಂಬು ಸರಿ ಮಾಡ್ತಾಳೆ. ಮಾತ್ರೆ ಎಣಿಸ್ತಾಳೆ. ಪರದೆ ಎಳೆದು ಎರಡೂ ಕಡೆ ಸಮ ಮಾಡ್ತಾಳೆ. ಒಂದು ದಿನ ನನ್ನ ಹೀಗೇ ಕೆದರಿಕೊಂಡು ಬಿದ್ದಿರೋಕೆ ಬಿಡು, ಅವಳನ್ನ ಕರೀಬೇಡ, ಅಂದ್ಲು."

ನಾನು ಅವಳ ಕೈಯಿಂದ ಪೆನ್ನು ವಾಪಸು ತೆಗೆದುಕೊಂಡೆ. "ಸರಿ. ಕಾರಣ ಗಟ್ಟಿಯಾಗಿದೆ," ಎಂದೆ. ಗೆರೆಯ ಪಕ್ಕದಲ್ಲಿ ಅದನ್ನು ಚಿಕ್ಕ ಅಕ್ಷರಗಳಲ್ಲಿ, ಅಂದವಾಗಿ, ಬರೆದೆ. ದಿಂಬು. ಮಾತ್ರೆ. ಪರದೆ.

ಪರದೆ ಎಂದು ಬರೆದ ಮೇಲೆ ಕೈ ನಿಂತಿತು. ಪರದೆಯ ವಿಷಯ ಅವರ ಯಾವ ಅಧ್ಯಾಯದಲ್ಲೂ ಇಲ್ಲ. ತಂಗಿಯ ಮನೆಯಲ್ಲಿ ಅಮ್ಮನ ಕೋಣೆಯ ಪರದೆಗೆ ಒಂದು ಕೊಂಡಿ ಕಡಿಮೆ ಇತ್ತು. ಅದು ಒಂದು ಕಡೆ ಜೋಲುತ್ತಿತ್ತು. ನಾನು ದಿನವೂ ಹೋದ ತಕ್ಷಣ ಅದನ್ನು ಸಮ ಮಾಡುತ್ತಿದ್ದೆ.

ಡಾಕ್ಟರು ಎದ್ದು ಹೋಗಿ ಮೀನಿಗೆ ಆಹಾರ ಹಾಕಿದರು. ಆಗಲೇ ಒಮ್ಮೆ ಹಾಕಿದ್ದರು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಪೆನ್ನಿನ ಮುಚ್ಚಳ ಇನ್ನೂ ನನ್ನ ಕೈಯಲ್ಲಿತ್ತು.

ಮಾರ್ಚ್ 18, ಸೋಮವಾರ

ಅವಳನ್ನ ಕರೀಬೇಡ.

ಮಾರ್ಚ್ 20, ಬುಧವಾರ

ಕಚೇರಿಯ ಲಿಫ್ಟಿನಲ್ಲಿ ನಿಂತಿದ್ದೆ. ಬಾಗಿಲು ಮುಚ್ಚಿತು, ತೆರೆಯಿತು. ಒಬ್ಬರು ಹತ್ತಿ, "ಮೇಡಂ, ಯಾವ ಮಹಡಿ?" ಎಂದರು. ನಾನು ಗುಂಡಿಯನ್ನೇ ಒತ್ತಿರಲಿಲ್ಲ.

ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟಿಗೆ ಮಾತು ಸಿಗುತ್ತದೆ. ಇದು ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟಾಗ ಇನ್ನೊಂದು ಮೆಟ್ಟಿಲು ಸಿಕ್ಕಿದಂತೆ. ಮೈ ಜುಮ್ಮೆಂದದ್ದು ಇನ್ನೂ ಇಳಿದಿಲ್ಲ.

ಎಲ್ಲ ಮುಗಿದ ದಿನ ತಂಗಿಯನ್ನು ಕೇಳಿದ್ದೆ: ಅಮ್ಮ ಏನಾದರೂ ಹೇಳಿದಳಾ ಎಂದು. ಇಲ್ಲ ಎಂದಿದ್ದಳು. ಹಾಗೆ ಹೇಳುವಾಗ ಅವಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಮುಖ ನೆನಪಿಗೆ ಬರುವುದಿಲ್ಲ. ಆ ಹೊತ್ತು ನಾನು ಹಾಸಿಗೆಯ ಚಾದರ ಮಡಿಸುತ್ತಿದ್ದೆ.

ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ನಾನು. ಲೆಕ್ಕ, ವಾದ, ಬೈಗುಳ ಎಲ್ಲ ಆ ಭಾಷೆಯಲ್ಲೇ ಬರುತ್ತವೆ. ಅಮ್ಮನ ಮಾತನ್ನು ಆ ಭಾಷೆಗೆ ತಿರುಗಿಸಿ ನೋಡಿದೆ, ನೋವು ಸ್ವಲ್ಪ ಕಡಿಮೆಯಾದೀತೆಂದು. ಆಗಲಿಲ್ಲ. ಮಾತು ಚಿಕ್ಕದಾಯಿತು, ಅಷ್ಟೇ.

ಮಾರ್ಚ್ 24, ಭಾನುವಾರ

ಕ್ಲಿನಿಕ್ಕಿಗೆ ಹೋಗಲಿಲ್ಲ. ಸ್ಟೆನೋ ಮೇಡಂ ಫೋನ್ ಮಾಡಿದರು.

"ನಾನು ಕೇಳಬಾರದಿತ್ತಮ್ಮ. ಹಳೇ ಚಾಳಿ."

"ಕೇಳಿದ್ದು ನಾನು."

"ಇಬ್ರೂ ಸೇರಿ ಕೇಳಿದ್ವಿ. ಇರ್ಲಿ. ಗೋಡೆ ಮೇಲಿರೋದನ್ನ ನಾವು ಯಾರೂ ಮುಟ್ಟಿಲ್ಲ. ಆ ಅಧ್ಯಾಯ ಇರುತ್ತೋ ಹೋಗುತ್ತೋ ಅದು ನಿನ್ನ ಕೈಲಿ. ಹಾಗಂತ ನಿನ್ನ ತಂಗಿ ಹೇಳಿದಾಳೆ, ನಾವಿಬ್ರೂ ಒಪ್ಪಿದೀವಿ." ಆಮೇಲೆ, "ಡಾಕ್ಟ್ರು ಮೀನಿಗೆ ಹಾಕಿ ಹಾಕಿ ಅವು ಊದಿಕೊಂಡಿವೆ," ಎಂದರು.

ಅಧ್ಯಾಯ ತೆಗೆಯುವುದು ಸುಲಭ. ಒಂದು ಚೌಕ, ಒಂದು ಗೆರೆ. ತೆಗೆದರೆ ತಾಯಿ ಮಲಗಿದಲ್ಲೇ ಹೋಗುತ್ತಾಳೆ, ದೊಡ್ಡ ಮಗಳು ಒಳ್ಳೆಯವಳಾಗಿಯೇ ಉಳಿಯುತ್ತಾಳೆ, ಯಾವ ಓದುಗನಿಗೂ ಏನೂ ತಿಳಿಯುವುದಿಲ್ಲ. ಇಡೀ ಸಂಜೆ ಅದನ್ನೇ ಯೋಚಿಸಿದೆ. ತೆಗೆಯಬೇಕೆಂದು ತೀರ್ಮಾನಿಸಿದೆ.

ಮಾರ್ಚ್ 26, ಮಂಗಳವಾರ

ಆ ತೀರ್ಮಾನ ಹೇಳಲೆಂದೇ ಮಧ್ಯಾಹ್ನ ರಜೆ ಹಾಕಿ ತಂಗಿಯ ಶಾಲೆಗೆ ಹೋದೆ. ಮಕ್ಕಳು ಹೋಗಿಯಾಗಿತ್ತು. ಮೊಳದೆತ್ತರದ ಕುರ್ಚಿಗಳು. ಅವಳು ನೆಲದ ಮೇಲೆ ಕೂತು ಬಣ್ಣದ ಕಾಗದದಲ್ಲಿ ಎಲೆಗಳನ್ನು ಕತ್ತರಿಸುತ್ತಿದ್ದಳು. ನಾನು ಒಂದು ಕುರ್ಚಿಯಲ್ಲಿ ಕೂತೆ. ಮೊಣಕಾಲು ಗಲ್ಲಕ್ಕೆ ಬಂತು.

ಅಧ್ಯಾಯದ ಮಾತು ಆಡಲು ಹೋದವಳು ಬೇರೆಯದನ್ನೇ ಕೇಳಿದೆ.

"ಎಷ್ಟು ಹೊತ್ತು ಎಚ್ಚರ ಇದ್ಲು?"

"ಊಟ ಆದಾಗಿಂದ ಬಿಸಿಲು ಇಳಿಯೋವರೆಗೂ."

"ನಿದ್ದೇಲಿ ಹೋದ್ಲು ಅಂದೆ."

"ಅಂದೆ."

"ಅಂಗಡಿಗೆ ಹೋಗಿದ್ದೆ ಅಂದೆ."

"ಹೋಗಿದ್ದೆ. ಮೊದಲೇ. ಐಸ್‌ಕ್ರೀಮ್ ತರೋಕೆ." ಕತ್ತರಿ ನಿಲ್ಲಿಸಿದಳು. "ಅವಳೇ ಕೇಳಿದ್ಲು ಅಕ್ಕ."

ಅಮ್ಮನಿಗೆ ಸಕ್ಕರೆ ಕೊಡಬಾರದೆಂದು ನಾನು ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಆ ಚೀಟಿ ನೋಡಲಿಲ್ಲವಾ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ಕಿತ್ಕೊಂಡು ಬಾ ಅಂದ್ಲು. ಗಟ್ಟಿಯಾಗಿ ಓದ್ತಾ ಓದ್ತಾ ತಿಂದ್ಲು. ನಿನ್ನ ದನೀಲಿ."

"ನನ್ನ ದನೀಲಾ?"

"ನಿನ್ನ ಥರಾನೇ. ಬಿಕ್ಕಳಿಕೆ ಬರೋವಷ್ಟು ನಕ್ಕಳು."

ನಾನು ಕಿಟಕಿಯ ಕಡೆ ನೋಡಿದೆ. ಮಕ್ಕಳು ಗಾಜಿನ ಮೇಲೆ ಬಣ್ಣದ ಅಂಗೈ ಒತ್ತಿದ್ದರು, ಒಂದೂ ನೆಟ್ಟಗಿರಲಿಲ್ಲ.

"ಅಷ್ಟೇನಾ ಕಾರಣ? ನಂಗೆ ನೋಡೋಕಾಗಲ್ಲ, ತಡ್ಕೊಳ್ಳೋಕಾಗಲ್ಲ ಅಂತ ಏನಾದ್ರೂ... ಹಾಗೇನೂ ಅನ್ನಲಿಲ್ವಾ?"

"ಸಮಾಧಾನಕ್ಕೆ ಬೇಕಾದ್ರೆ ಒಂದು ಕಟ್ಟಿ ಹೇಳ್ತೀನಿ ಅಕ್ಕ. ಕಥೆ ಬರಿಯೋಳು ತಾನೇ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನಿನ್ನಿಂದ ಮುಚ್ಚಿಟ್ಟು ಮುಚ್ಚಿಟ್ಟು ನಿನ್ನ ಮುಖ ನೋಡೋಕೇ ಆಗ್ತಿರಲಿಲ್ಲ. ಕಾದಂಬರೀಲಿ ಇಟ್ಟುಬಿಟ್ರೆ ಎಲ್ಲೋ ಒಂದು ಕಡೆ ಇರುತ್ತೆ, ನೀನು ಓದಿದಾಗ ಓದ್ತೀಯ ಅಂದ್ಕೊಂಡೆ. ನೀನು ನೋಡಿದ್ರೆ ನಿಯಮ ತಗೊಂಡು ಬಂದೆ."

"ನೀನೇ ಕರೆದೆ."

"ಹೌದು. ಕರೆದೆ." ಮತ್ತೆ ಎಲೆ ಕತ್ತರಿಸಿದಳು. "ಬೇಡ ಅಂದ್ರೆ ತೆಗೀತೀನಿ. ನಿಜವಾಗ್ಲೂ."

ಹೇಳಲು ಬಂದದ್ದು ಅದೇ. ಬಾಯಿ ಬರಲಿಲ್ಲ. ಬದಲಿಗೆ ಕೇಳಿದೆ: "ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

"ಅವಳಿಗೆ ಫೋನ್ ಮಾಡೋ ಮುಂಚೆ ಚಮಚ ತೊಳೆದಿಡು, ಇಲ್ಲಾಂದ್ರೆ ಸಿಕ್ಕಿಬೀಳ್ತೀವಿ, ಅಂದ್ಲು. ಕಣ್ಣು ಮುಚ್ಕೊಂಡೇ ಅಂದ್ಲು. ನಾನು ಆಮೇಲೆ ಎಲ್ಲಾ ಕಡೆ ಹುಡುಕಿದೆ. ಚಮಚ ಸಿಗಲೇ ಇಲ್ಲ. ನೀನು ಬರ್ತಾ ಇದ್ದೆ, ನಂಗೆ ಅಳೋಕೂ ಆಗ್ತಿಲ್ಲ, ಚಮಚ ಹುಡುಕ್ತಿದೀನಿ."

"ಮಂಚದ ಕೆಳಗಿತ್ತು," ಎಂದೆ.

ಅವಳು ಕತ್ತರಿ ಕೆಳಗಿಟ್ಟಳು.

"ಗೋಡೆ ಕಡೆ ಕಾಲಿನ ಹತ್ತಿರ. ಜಿಗಿಜಿಗಿ ಇತ್ತು. ನಂಗೆ ಸಿಕ್ತು."

"ನಿಂಗೆ ಸಿಕ್ತಾ? ಮತ್ತೆ ಏನೂ ಕೇಳಲಿಲ್ವಲ್ಲ ನೀನು?"

"ತೊಳೆದು ಅದರ ಜಾಗದಲ್ಲಿಟ್ಟೆ." ನನ್ನ ದನಿ ನನಗೇ ದೂರದಿಂದ ಕೇಳಿಸುತ್ತಿತ್ತು. "ಮಂಚದ ಕೆಳಗೆ ಚಮಚ ಯಾಕೆ ಬಂತು ಅಂತ ಹೊಳೀಲೇ ಇಲ್ಲ ಕಣೇ. ಎಲ್ಲಿಡಬೇಕು ಅನ್ನೋದು ಮಾತ್ರ ಹೊಳೀತು."

ಇಷ್ಟು ದಿನ ಆಘಾತ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು, ಡಾಕ್ಟರ ಕಪಾಟಿನ ದವಡೆಯಂತೆ. ಹಾಗೆಂದೆ. ಮೊದಲು ಅವಳು ನಕ್ಕಳು. ಆಮೇಲೆ ನಾನೋ, ಅವಳೋ, ಯಾರು ಮೊದಲು ಅತ್ತದ್ದೋ ತಿಳಿಯದು. ಎಲೆಗಳೆಲ್ಲ ನೆಲದ ಮೇಲೆ ಹರಡಿದ್ದವು. ಅವುಗಳ ನಡುವೆಯೇ ಕೂತಿದ್ದೆವು, ಕಾವಲುಗಾರ ಬಂದು ಗೇಟು ಹಾಕಬೇಕು ಎನ್ನುವವರೆಗೆ.

ಮಾರ್ಚ್ 31, ಭಾನುವಾರ

ಕ್ಲಿನಿಕ್ಕಿಗೆ ಹೋದೆ. ಯಾರೂ ಯಾವ ವಿಷಯವನ್ನೂ ಎತ್ತಲಿಲ್ಲ. ಸ್ಟೆನೋ ಮೇಡಂ ಒಂದು ಲೋಟ ಚಹಾ ಕೈಗಿಟ್ಟರು. ಡಾಕ್ಟರು ಬೀಗದವನ ಅಂಗಡಿಯನ್ನು ಸುಡುವುದು ಬೇಡವೆಂದು ತೀರ್ಮಾನಿಸಿದ್ದರು. "ಈ ಕಾದಂಬರೀಲಿ ಆಗಿರೋ ಗಾಯ ಸಾಕು," ಎಂದರು. ಅದರಿಂದ ಮೂರು ಅಧ್ಯಾಯಗಳು ಅಲುಗಾಡಿದವು. ಸ್ಟೆನೋ ಮೇಡಂಗೂ ಅವರಿಗೂ ಜಗಳವೋ ಜಗಳ. ನಾನು ಬಿಡಿಸಲು ಹೋಗಲಿಲ್ಲ. ಕೇಳಲು ಚೆನ್ನಾಗಿತ್ತು.

ಅಧ್ಯಾಯ ಇರಬೇಕೋ ಬೇಡವೋ ನಾನು ಇನ್ನೂ ಹೇಳಿಲ್ಲ. ಅವರೂ ಕೇಳಿಲ್ಲ. ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು.

ಏಪ್ರಿಲ್ 4, ಗುರುವಾರ

ಒಮ್ಮೊಮ್ಮೆ ಇನ್ನೂ ಸುಮ್ಮನೆ ನಿಂತುಬಿಡುತ್ತೇನೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ. ಅಮ್ಮ ನನ್ನ ದನಿಯಲ್ಲಿ ಓದಿದಳು. ಅದು ಹೇಗಿದ್ದಿರಬಹುದು? ಇವತ್ತು ಬಚ್ಚಲಿನ ಬಾಗಿಲು ಹಾಕಿಕೊಂಡು, ಸಕ್ಕರೆ ಕೊಡಬಾರದು ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಹೊರಗಿನಿಂದ ಗಂಡ, "ಯಾರಿಗೆ?" ಎಂದ.

ಏಪ್ರಿಲ್ 7, ಭಾನುವಾರ

ಶುದ್ಧಪ್ರತಿ ಮಾಡುವ ದಿನ. ಬೆಳಿಗ್ಗೆಯಿಂದ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಕೂತಿದ್ದೇನೆ.

'ತಾಯಿಯ ಕೊನೆಯ ಮಧ್ಯಾಹ್ನ' ಎಂಬ ಚೌಕವನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ಬರೆದೆ. ಅಲ್ಲಿಂದ ತಾಯಿಗೆ ಗೆರೆ, ಚಿಕ್ಕ ಮಗಳಿಗೆ ಗೆರೆ, ಎರಡಕ್ಕೂ ಅಡ್ಡಕಡ್ಡಿ. ದೊಡ್ಡ ಮಗಳಿಗೆ ಗೆರೆ ಇಲ್ಲ. ಎಳೆಯಬೇಕೆಂದು ಕೈ ಎರಡು ಸಲ ಹೋಯಿತು. ಅವಳು ಅಲ್ಲಿರಲಿಲ್ಲ, ಇರುವುದು ಬೇಡ ಎಂದಿದ್ದಳು ತಾಯಿ. ಇಲ್ಲದ ಗೆರೆ ಎಳೆದರೆ ನಕ್ಷೆ ಸುಳ್ಳಾಗುತ್ತದೆ.

ತಂಗಿಗೆ ಫೋನ್ ಮಾಡಿದೆ. "ಚಮಚ ವಾಪಸು ಹಾಕ್ತಿದೀನಿ."

"ಎಲ್ಲೆಲ್ಲಿಗೆ ಗೆರೆ?"

"ಆ ಮಧ್ಯಾಹ್ನಕ್ಕೆ. ಅಮ್ಮನಿಗೆ." ಅಮ್ಮ ಎಂದುಬಿಟ್ಟೆ. ತಿದ್ದಲಿಲ್ಲ. "ಆಮೇಲೆ ದೊಡ್ಡ ಮಗಳಿಗೆ."

"ಓದು ನೋಡೋಣ, ಎರಡೂ ಕಡೆಯಿಂದ."

ಓದಿದೆ. "ಚಮಚ ಒಬ್ಬರಿಗೆ ಸಿಗಲೇಬೇಕು. ದೊಡ್ಡ ಮಗಳಿಗೆ ಸಿಕ್ಕಿತು, ಅದೇನು ಅಂತ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ ಅನ್ನೋದಕ್ಕೆ ನಿನ್ನ ನಕ್ಷೇಲಿ ಗುರುತಿದೆಯಾ ಅಕ್ಕ?"

"ಇಲ್ಲ. ಅದನ್ನ ನೀನೇ ಬರೀಬೇಕು."

"ಬರೀತೀನಿ," ಎಂದಳು. "ಅಧ್ಯಾಯ ಇನ್ನೂ ಮುಗಿದಿಲ್ಲ ಅಂತ ಈಗ ಗೊತ್ತಾಯ್ತು."

ಚಮಚದ ಚೌಕ ಸ್ವಲ್ಪ ಓರೆಯಾಗಿ ಬಿದ್ದಿದೆ. ಹಾಳೆ ಬದಲಿಸಿಲ್ಲ, ಹೊತ್ತಾಗಿದೆ. ಮೇಜಿನ ತುಂಬ ಬೆಳಗಿನ ಲೋಟಗಳು ಹಾಗೇ ಇವೆ, ಗಂಡ ಬಂದು, "ತೊಳೀಲಾ?" ಎಂದ. ಇರಲಿ ಎಂದೆ. ಅವನು ಯಾಕೋ ಅಲ್ಲೇ ನಿಂತು ನನ್ನನ್ನು ನೋಡಿದ. ಹಾಳೆ ಸುತ್ತಿ ಕೊಳವೆಯಲ್ಲಿ ಇಟ್ಟಿದ್ದೇನೆ, ವಿಳಾಸ ಬರೆದಿದ್ದೇನೆ. ಅಂಚೆಗೆ ಹಾಕುವುದು ನಾಳೆ, ಏಪ್ರಿಲ್ 8, ಸೋಮವಾರ.